ಡಿಜಿಟಲ್ ಆರ್ಟ್‌ಗೆ ಎರಡು ವರ್ಷ: ಯಾವ ಕಾಲೇಜು ನಿಮಗೆ ಸರಿ?

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. "ಅಣ್ಣ, ಡಿಗ್ರಿ ಮುಗೀತು. ಡಿಜಿಟಲ್ ಆರ್ಟ್ ಕಲೀಬೇಕು. ಎರಡು ವರ್ಷದ ಕೋರ್ಸ್ ಎಲ್ಲಿ ಮಾಡ್ಲಿ?" ಕೆಳಗೆ ನಾಲ್ಕೈದು ಕಾಲೇಜುಗಳ ಬ್ರೋಷರ್ ಫೋಟೊ. ಈ ವರ್ಷ ಹಾಗೆ ಕೇಳಿದವರಲ್ಲಿ ಮೂವರು ನನ್ನ ತಲೆಯಲ್ಲಿ ಉಳಿದಿದ್ದಾರೆ. ಹಾಸನದಲ್ಲಿ ಬಿ.ಕಾಂ ಮುಗಿಸಿದ ಹುಡುಗಿ. ದಾವಣಗೆರೆಯಲ್ಲಿ ಬಿವಿಎ, ಅಂದರೆ ದೃಶ್ಯಕಲೆಯ ಡಿಗ್ರಿ ಮಾಡಿ, ಈಗ ಮದುವೆ ಮನೆಗಳ ಬ್ಯಾನರ್ ಡಿಸೈನ್ ಮಾಡುತ್ತಿರುವ ಹುಡುಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವ 28 ವರ್ಷದ ಹೆಣ್ಣುಮಗಳು, ಅವರಿಗೆ ಮೂರು ವರ್ಷದ ಮಗು ಇದೆ. ಮೂವರಿಗೂ ಒಂದೇ ಕಾಲೇಜಿನ ಹೆಸರು ಹೇಳಿದರೆ ಇಬ್ಬರಿಗಾದರೂ ದಾರಿ ತಪ್ಪಿಸಿದ ಹಾಗಾಗುತ್ತದೆ. ಹಾಗಾಗಿ ಈ ಬರಹ.

ನಾನು ಗೇಮ್ ಆರ್ಟ್ ಕೆಲಸದಲ್ಲಿದ್ದೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಅವರ ಶೋರೀಲ್, ಅಂದರೆ ತಾವು ಮಾಡಿದ ಕೆಲಸ ಜೋಡಿಸಿದ ಚಿಕ್ಕ ವಿಡಿಯೊ ನೋಡುವುದು ನನ್ನ ಕೆಲಸದ ಒಂದು ಭಾಗ. ಒಂದು ದಿನ ನೋಡಿದ ಎರಡು ರೀಲ್ ಬಗ್ಗೆ ಮೊದಲು ಹೇಳುತ್ತೇನೆ, ಯಾಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ.

ಮೊದಲ ರೀಲ್ ಎರಡೂವರೆ ನಿಮಿಷದ್ದು. ಜೋರು ಸಂಗೀತ, ತಿರುಗುವ ಕಾರು, ಹೊಗೆಯೊಳಗಿಂದ ಬರುವ ರೋಬೋ, ಬೆಂಕಿಯಲ್ಲಿ ಮೂಡುವ ಹೆಸರು. ಎರಡನೆಯದು ಬರೀ 40 ಸೆಕೆಂಡ್. ಅದರಲ್ಲೊಂದು ಶಾಟ್‌ನಲ್ಲಿ ಒಬ್ಬ ಅಜ್ಜಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಎರಡು ಮೆಟ್ಟಿಲು ಹತ್ತುತ್ತಾಳೆ. ಎರಡನೇ ಮೆಟ್ಟಿಲಿಗೆ ಕಾಲಿಡುವ ಮೊದಲು ಅರೆಕ್ಷಣ ನಿಲ್ಲುತ್ತಾಳೆ. ಕೊಡ ಇರುವ ಕಡೆಯ ಭುಜ ಇಳಿಯುತ್ತದೆ, ಇನ್ನೊಂದು ಕೈ ತಾನಾಗಿ ಗೋಡೆ ಹುಡುಕುತ್ತದೆ. ಕೊಡದಲ್ಲಿ ನೀರಿದೆ ಅಂತ ನಮಗೆ ಗೊತ್ತಾಗುತ್ತದೆ, ನೀರು ಕಾಣದಿದ್ದರೂ. ರೂಮಿನಲ್ಲಿದ್ದ ನಾಲ್ಕೂ ಜನ ಅದನ್ನು ಮತ್ತೆ ಹಾಕಿ ನೋಡಿದೆವು. ಆ ಹುಡುಗಿ ಓದಿದ್ದು ಯಾರೂ ಹೆಸರು ಕೇಳದ ಕಾಲೇಜಿನಲ್ಲಿ. "ಇದನ್ನ ಎಷ್ಟು ದಿನ ಮಾಡಿದ್ರಿ?" ಅಂತ ಕೇಳಿದೆ. "ನಮ್ಮ ಮೇಡಂ 14 ಸಲ ವಾಪಸ್ ಕಳಿಸಿದ್ರು ಸರ್" ಅಂದಳು.

ನನ್ನ ಮಟ್ಟಿಗೆ ಕಾಲೇಜು ಅಂದರೆ ಅದೇ. ನಿಮ್ಮ ಕೆಲಸ ನೋಡಿ, ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಿ, ವಾಪಸ್ ಕಳಿಸುವವರು ಇರುವ ಜಾಗ. ಸಾಫ್ಟ್‌ವೇರನ್ನು ಮನೆಯಲ್ಲೂ ಕಲಿಯಬಹುದು.

ಅಳೆಯುವುದು ಯಾವುದರಿಂದ?

ಕಾಲೇಜುಗಳ ಹೆಸರಿಗೆ ಹೋಗುವ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು, ಕೊನೆಗೆ ಯಾವ ಕೆಲಸ ಬೇಕು ಅಂತ. "ಡಿಜಿಟಲ್ ಆರ್ಟ್" ಎನ್ನುವುದು ಒಂದು ದೊಡ್ಡ ಚೀಲ. ಅದರೊಳಗೆ ಅನಿಮೇಷನ್ ಮತ್ತು ಸಿನಿಮಾ ದೃಶ್ಯಗಳಿಗೆ ಕಂಪ್ಯೂಟರ್ ಕೈಚಳಕ ಸೇರಿಸುವ ವಿಎಫ್‌ಎಕ್ಸ್ ಇದೆ, ಗೇಮ್ ಆರ್ಟ್ ಇದೆ, ಆ್ಯಪ್‌ಗಳ ವಿನ್ಯಾಸ ಮಾಡುವ ಯುಐ-ಯುಎಕ್ಸ್ ಇದೆ, ಪುಸ್ತಕಕ್ಕೆ ಚಿತ್ರ ಬರೆಯುವುದಿದೆ, ಗ್ಯಾಲರಿಯಲ್ಲಿ ವಿಡಿಯೊ ಕಲೆ ತೋರಿಸುವುದೂ ಇದೆ. ಒಂದರಲ್ಲಿ ಹೆಸರಾದ ಕಾಲೇಜು ಇನ್ನೊಂದರಲ್ಲಿ ಸಾಧಾರಣ ಇರಬಹುದು.

ಎರಡನೆಯದು, ಸರ್ಟಿಫಿಕೇಟಿನ ಮೇಲೆ ಯಾರ ಸೀಲು ಇರುತ್ತದೆ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಾನು ಸೇರಿದ ಸಂಸ್ಥೆಯಲ್ಲಿ "ಎರಡು ವರ್ಷಕ್ಕೆ ಮಾಸ್ಟರ್ಸ್ ಡಿಗ್ರಿ" ಅಂದಿದ್ದರು. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಫೀಸು ಕಟ್ಟಿದರು. ಕೊನೆಗೆ ಕೈಗೆ ಬಂದದ್ದು ದೂರದ ಬೇರೆ ರಾಜ್ಯದ ಒಂದು ಖಾಸಗಿ ವಿಶ್ವವಿದ್ಯಾಲಯದ ಕಾಗದ. ಕೆಲಸಕ್ಕೆ ಅದನ್ನು ಯಾರೂ ಕೇಳಲಿಲ್ಲ, ನಿಜ. ಆದರೆ ಮುಂದೆ ಓದಲು, ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಲು ಹೋದಾಗ ಅದು ನಡೆಯಲಿಲ್ಲ. ಖಾಸಗಿ ವಿಶ್ವವಿದ್ಯಾಲಯಗಳು ಹೀಗೆ ಫ್ರಾಂಚೈಸಿ ಕೊಟ್ಟು ಡಿಗ್ರಿ ಕೋರ್ಸ್ ನಡೆಸುವುದಕ್ಕೆ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿ ಒಪ್ಪುವುದಿಲ್ಲ. "ಟೈ-ಅಪ್ ಇದೆ" ಅಂತ ಯಾರಾದರೂ ಹೇಳಿದರೆ, ಆ ವಿಶ್ವವಿದ್ಯಾಲಯದ ಹೆಸರು ಬರೆಸಿಕೊಂಡು ಯುಜಿಸಿ ವೆಬ್‌ಸೈಟಿನಲ್ಲಿ ನೋಡಿ. ಆಮೇಲೆ ಆ ವಿಶ್ವವಿದ್ಯಾಲಯಕ್ಕೇ ನೇರವಾಗಿ ಬರೆದು ಕೇಳಿ. ಇನ್ನೊಂದು ಮಾತು, ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದರೆ ಮಾನ್ಯತೆ ಇರುವ ಕೋರ್ಸ್ ಆಗಿರಲೇಬೇಕು.

ಮೂರನೆಯದು ದುಡ್ಡು. ಫೀಸು ಮಾತ್ರ ಲೆಕ್ಕ ಹಾಕಬೇಡಿ. ಹಾಸ್ಟೆಲ್ ಅಥವಾ ಪಿಜಿ, ಊಟ, ಬಸ್ಸು, ಅದರ ಜೊತೆಗೆ ಕಂಪ್ಯೂಟರ್. ತ್ರೀಡಿ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಇರುವ, ಕನಿಷ್ಠ 16 ಜಿಬಿ ರ್‍ಯಾಮ್ ಇರುವ ಯಂತ್ರ ಬೇಕು. ಅದಕ್ಕೇ ಲಕ್ಷದ ಹತ್ತಿರ ಹೋಗುತ್ತದೆ. ಕಾಲೇಜಿನ ಲ್ಯಾಬ್ ರಾತ್ರಿ ಎಂಟರವರೆಗೆ ತೆರೆದಿದ್ದರೆ ಈ ಖರ್ಚನ್ನು ಮೊದಲ ವರ್ಷ ಮುಂದೂಡಬಹುದು. ನಾಲ್ಕೂವರೆಗೆ ಬೀಗ ಹಾಕುವ ಲ್ಯಾಬಾದರೆ ಆಗುವುದಿಲ್ಲ. ಇಷ್ಟು ಸಣ್ಣ ವಿಷಯ ನಿಮ್ಮ ಬಜೆಟನ್ನೇ ಬದಲಾಯಿಸುತ್ತದೆ.

ನಾಲ್ಕನೆಯದು ಆಗಲೇ ಹೇಳಿದ್ದು, ತಿದ್ದುವವರು ಯಾರು, ವಾರಕ್ಕೆ ಎಷ್ಟು ಸಲ. ಈಗ ಒಂದೊಂದಾಗಿ ನೋಡೋಣ.

ಐಐಟಿಗಳ ಎಂ.ಡೆಸ್

ಮುಂಬೈನ ಪವಾಯಿಯಲ್ಲಿರುವ ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿ ಶುರುವಾದದ್ದು 1969ರಲ್ಲಿ. ಅಲ್ಲಿ ಅನಿಮೇಷನ್, ಕಮ್ಯುನಿಕೇಷನ್ ಡಿಸೈನ್, ಇಂಟರಾಕ್ಷನ್ ಡಿಸೈನ್ (ಯುಐ-ಯುಎಕ್ಸ್ ಇದಕ್ಕೆ ಸೇರಿದ್ದು) ಎಂದು ಬೇರೆ ಬೇರೆ ಎರಡು ವರ್ಷದ ಎಂ.ಡೆಸ್, ಅಂದರೆ ವಿನ್ಯಾಸದ ಮಾಸ್ಟರ್ಸ್ ಇವೆ. ಗುವಾಹಟಿಯ ಐಐಟಿಯಲ್ಲೂ ಒಳ್ಳೆಯ ವಿನ್ಯಾಸ ವಿಭಾಗ ಇದೆ. ಎರಡನ್ನೂ ಕಟ್ಟಿದವರು ಸುಧಾಕರ ನಾಡಕರ್ಣಿ ಎಂಬ ಒಬ್ಬರೇ ಮೇಷ್ಟ್ರು. ಹೈದರಾಬಾದ್ ಐಐಟಿಯಲ್ಲೂ ಎಂ.ಡೆಸ್ ಇದೆ, ಅದು ನಮಗೆ ಹತ್ತಿರ.

ದುಡ್ಡಿನ ಲೆಕ್ಕದಲ್ಲಿ, ಸಿಗುವ ಶಿಕ್ಷಣಕ್ಕೆ ಹೋಲಿಸಿದರೆ, ಇದಕ್ಕಿಂತ ಒಳ್ಳೆಯದು ಕಷ್ಟ. ಹಾಸ್ಟೆಲ್ ಕ್ಯಾಂಪಸ್ಸಿನಲ್ಲೇ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕದಲ್ಲಿ ರಿಯಾಯಿತಿ ಇದೆ. ತರಗತಿ ಚಿಕ್ಕದು, ಹಾಗಾಗಿ ತಿದ್ದುವವರ ಕಣ್ಣು ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕಷ್ಟ ಇರುವುದು ಬಾಗಿಲಲ್ಲಿ. ಸೀಡ್ (CEED) ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ, ಪರೀಕ್ಷೆ ಜನವರಿಯಲ್ಲಿ. ಮೊದಲ ಭಾಗ ಕಂಪ್ಯೂಟರ್ ಮೇಲೆ, ಎರಡನೆಯದು ಪೆನ್ಸಿಲ್ ಹಿಡಿದು ಕಾಗದದ ಮೇಲೆ. ಅಂತಿಮ ಅಂಕದಲ್ಲಿ ಮುಕ್ಕಾಲು ಪಾಲು ಆ ಕಾಗದದ್ದು. ಕಂಪ್ಯೂಟರಿನಲ್ಲಿ ಎಷ್ಟೇ ಚೆನ್ನಾಗಿ ಬಣ್ಣ ಹಾಕಿದರೂ, ಕೈಯಲ್ಲಿ ನಿಂತ ಮನುಷ್ಯನನ್ನು ಬರೆಯಲು ಬಾರದಿದ್ದರೆ ಇಲ್ಲಿ ದಾರಿ ಇಲ್ಲ. ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಅಂಕ ಮಾತ್ರ ಒಂದೇ ವರ್ಷಕ್ಕೆ ಲೆಕ್ಕ.

ಒಂದು ಎಚ್ಚರಿಕೆ. 12ನೇ ತರಗತಿಯ ಮೇಲೆ ಮೂರು ವರ್ಷದ ಯಾವ ಡಿಗ್ರಿ ಇದ್ದರೂ ಸೀಡ್ ಬರೆಯಬಹುದು. ಆದರೆ ಪರೀಕ್ಷೆ ಬರೆಯುವ ಅರ್ಹತೆ ಬೇರೆ, ಸೀಟು ಸಿಗುವ ಅರ್ಹತೆ ಬೇರೆ. ಪ್ರತಿ ಸಂಸ್ಥೆಗೂ ಅದರದೇ ನಿಯಮ. ಬಿ.ಕಾಂ, ಬಿ.ಎ ಓದಿದವರು ಅರ್ಜಿ ಹಾಕುವ ಮೊದಲು ಆಯಾ ವಿಭಾಗದ ನಿಯಮವನ್ನು ಸಾಲು ಸಾಲು ಓದಿ. ಇಲ್ಲಿ ಎಡವಿದವರನ್ನು ನಾನು ಕಂಡಿದ್ದೇನೆ, ವರ್ಷವೇ ಹೋಗುತ್ತದೆ.

ಎನ್‌ಐಡಿ

ಗೇಮ್ ಮಾಡಬೇಕು ಎನ್ನುವವರು ಮೊದಲು ನೋಡಬೇಕಾದದ್ದು ಇದನ್ನೇ. ಎನ್‌ಐಡಿ ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ. ಅದು ಶುರುವಾದದ್ದು ಅಹಮದಾಬಾದಿನಲ್ಲಿ, 1961ರಲ್ಲಿ. ಅದರ ಬೆಂಗಳೂರು ಕ್ಯಾಂಪಸ್ ನಮ್ಮ ತುಮಕೂರು ರಸ್ತೆಯ ಪಕ್ಕದಲ್ಲೇ, ಎಚ್‌ಎಂಟಿ ಲಿಂಕ್ ರೋಡಿನಲ್ಲಿದೆ. ಡಿಜಿಟಲ್ ಗೇಮ್ ಡಿಸೈನ್, ಇಂಟರಾಕ್ಷನ್ ಡಿಸೈನ್ ಇಲ್ಲಿ ಬೆಳೆದ ವಿಷಯಗಳು. ಅನಿಮೇಷನ್ ಬೇಕೆಂದರೆ ಅಹಮದಾಬಾದಿಗೇ ಹೋಗಬೇಕು.

ಪ್ರವೇಶ ಪರೀಕ್ಷೆ ಬೇರೆ, ಅದನ್ನು ಡ್ಯಾಟ್ (DAT) ಅನ್ನುತ್ತಾರೆ, ಎರಡು ಹಂತದಲ್ಲಿ ನಡೆಯುತ್ತದೆ. ಐಐಟಿಗೆ ಹೋಲಿಸಿದರೆ ಫೀಸು ಸಾಮಾನ್ಯವಾಗಿ ಜಾಸ್ತಿ. ಆದರೆ ಇಲ್ಲೇ ಇರುವವರಿಗೆ ಬೆಂಗಳೂರಿನ ಸ್ಟುಡಿಯೊಗಳು ಕೈಗೆಟುಕುವ ದೂರದಲ್ಲಿರುತ್ತವೆ. ಭಾರತದ ಗೇಮ್ ಉದ್ಯಮದ ಮೊದಲ ಕಂಪನಿಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ ಹುಟ್ಟಿದ್ದು 1997ರಲ್ಲಿ, ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ಜಿಟಿಎ ಆಟ ಮಾಡುವ ರಾಕ್‌ಸ್ಟಾರ್ ಕೊಂಡುಕೊಂಡಿತು. ಆ ಬೇರಿನಿಂದ ಚಿಗುರಿದ ಕಲಾವಿದರು ಈ ಊರಿನ ತುಂಬ ಇದ್ದಾರೆ. ವಾರಾಂತ್ಯದಲ್ಲಿ ಅವರ ಮಾತು ಕೇಳಲು, ಕೆಲಸ ತೋರಿಸಲು ಸಿಗುವ ಅವಕಾಶವೂ ಓದಿನ ಭಾಗವೇ ಅಲ್ವಾ?

ಇಲ್ಲಿಯ ಓದು ಪೂರ್ತಿ "ಆರ್ಟ್" ಅಲ್ಲ ಎನ್ನುವುದೂ ಗೊತ್ತಿರಲಿ. ಆಟ ಹೇಗೆ ನಡೆಯಬೇಕು, ಆಡುವವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಯೋಚಿಸುವುದು ಜಾಸ್ತಿ. ಇಡೀ ದಿನ ಪಾತ್ರಗಳ ಮುಖ ಕೆತ್ತುತ್ತಾ ಕೂರಬೇಕು ಎನ್ನುವವರಿಗೆ ಬೇಸರವಾಗಬಹುದು.

ನಮ್ಮ ಕಲಾ ಕಾಲೇಜುಗಳು

ಇವುಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ "ಡಿಜಿಟಲ್" ಎಂಬ ಪದ ಬೋರ್ಡಿನ ಮೇಲೆ ಇಲ್ಲ ಅಂತ ಹುಡುಗರು ಇತ್ತ ತಿರುಗಿಯೂ ನೋಡುವುದಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಎಂಬ ಸರ್ಕಾರಿ ಕಲಾ ಕಾಲೇಜು, ದಾವಣಗೆರೆಯ ದೃಶ್ಯಕಲಾ ಕಾಲೇಜು. ಕಾವಾದ ಬೇರು 1906ರಷ್ಟು ಹಿಂದಕ್ಕೆ ಹೋಗುತ್ತದೆ. ಬಿವಿಎ ಮುಗಿಸಿದವರಿಗೆ ಎಂವಿಎ, ಅಂದರೆ ಅದರ ಮಾಸ್ಟರ್ಸ್, ಎರಡು ವರ್ಷ.

ಕಾವಾದಂಥ ಕಡೆ ಖರ್ಚು ಬಹಳ ಕಡಿಮೆ, ಖಾಸಗಿ ಡಿಸೈನ್ ಕಾಲೇಜಿನ ಫೀಸಿನ ಜೊತೆ ಹೋಲಿಸುವ ಹಾಗೇ ಇಲ್ಲ. ಮೈಸೂರಿನಲ್ಲಿ ರೂಮು, ಊಟವೂ ಬೆಂಗಳೂರಿಗಿಂತ ಅಗ್ಗ. ಕೈ ಪಳಗುತ್ತದೆ. ಬೆಳಗ್ಗೆ ಮೂರು ಗಂಟೆ ಮಾಡೆಲ್ ಎದುರು ಕೂತು ಬರೆದವರ ತ್ರೀಡಿ ಪಾತ್ರದಲ್ಲಿ ಮೊಣಕೈ ಎಲ್ಲಿ ಮಡಿಯಬೇಕೋ ಅಲ್ಲೇ ಮಡಿಯುತ್ತದೆ. ಇದನ್ನು ನಾನು ಇಂಟರ್‌ವ್ಯೂಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಎಂವಿಎ ವಿಷಯಗಳ ಪಟ್ಟಿಯಲ್ಲಿ "ಗ್ರಾಫಿಕ್ಸ್" ಅಂತ ಇದ್ದರೆ ಅದು ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ. ಅದು ಅಚ್ಚುಕಲೆ, ಅಂದರೆ ಎಚಿಂಗ್, ಲಿಥೊ, ಮರದಚ್ಚು. ಬಹಳ ಚೆಂದದ ವಿದ್ಯೆ. ಆದರೆ ತ್ರೀಡಿಯ ಮಾಯಾ, ಫೋಟೊಶಾಪ್ ಥರದ ಸಾಫ್ಟ್‌ವೇರ್ ಕಲಿಸುತ್ತಾರೆ ಅಂದುಕೊಂಡು ಸೇರಿದರೆ ಮೊದಲ ವಾರವೇ ಕಂಗಾಲು. ನಿಮಗೆ ಹತ್ತಿರವಾದದ್ದು ಅನ್ವಯಿಕ ಕಲೆ, ಅಪ್ಲೈಡ್ ಆರ್ಟ್, ಅಂದರೆ ಜಾಹೀರಾತು, ಪೋಸ್ಟರ್ ಥರದ ಕೆಲಸದ ಕಲೆ. ಯಾವ ಕಾಲೇಜಿನಲ್ಲಿ ಅದರಲ್ಲಿ ಎಂವಿಎ ಇದೆ ಅಂತ ಕೇಳಿಕೊಂಡೇ ಅರ್ಜಿ ಹಾಕಿ.

ಕೊರತೆಯನ್ನೂ ಮುಚ್ಚಿಡುವುದಿಲ್ಲ. ಕಂಪ್ಯೂಟರ್ ಲ್ಯಾಬ್ ಹಳೆಯದಿರಬಹುದು. ಸ್ಟುಡಿಯೊದಲ್ಲಿ ಕೆಲಸ ಹೇಗೆ ಕೈಯಿಂದ ಕೈಗೆ ಹೋಗುತ್ತದೆ ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡದೇ ಇರಬಹುದು. ಅದನ್ನು ನೀವೇ ತುಂಬಿಕೊಳ್ಳಬೇಕು. ಇವತ್ತು ಅದು ಸಾಧ್ಯ. ತ್ರೀಡಿ ಕೆಲಸದ ಬ್ಲೆಂಡರ್, ಚಿತ್ರ ಬರೆಯುವ ಕ್ರಿಟಾ ಎಂಬ ಸಾಫ್ಟ್‌ವೇರ್ ಎರಡೂ ಪೂರ್ತಿ ಉಚಿತ. 2025ರಲ್ಲಿ ಆಸ್ಕರ್ ಗೆದ್ದ ಅನಿಮೇಷನ್ ಚಿತ್ರ "ಫ್ಲೋ" ತಯಾರಾದದ್ದು ಬ್ಲೆಂಡರಿನಲ್ಲಿ. ವಿದ್ಯಾರ್ಥಿಗಳಿಗೆ ಮಾಯಾ ಕೂಡ ಉಚಿತವಾಗಿ ಸಿಗುತ್ತದೆ.

ಖಾಸಗಿ ಡಿಸೈನ್ ಕಾಲೇಜುಗಳು

ಬೆಂಗಳೂರಿನಲ್ಲಿ ಇವು ಸಾಕಷ್ಟಿವೆ. 1996ರಲ್ಲಿ ಶುರುವಾಗಿ, ಈಗ ಮಣಿಪಾಲ್ ವಿಶ್ವವಿದ್ಯಾಲಯದ ಭಾಗವಾಗಿರುವ ಯಲಹಂಕದ ಸೃಷ್ಟಿ ಮಣಿಪಾಲ್ ಇವುಗಳಲ್ಲಿ ಹೆಸರಾದದ್ದು. ಇಲ್ಲಿ ಸ್ವಾತಂತ್ರ್ಯ ಜಾಸ್ತಿ, ವಿಷಯಗಳ ನಡುವೆ ಗೋಡೆ ಕಡಿಮೆ. ಫೀಸು ಮಾತ್ರ ವರ್ಷಕ್ಕೆ ಹಲವು ಲಕ್ಷ.

ಈ ದುಡ್ಡು ಸಾಲ ಮಾಡಿ ತರುವುದಾದರೆ ಒಂದು ರಾತ್ರಿ ಕೂತು ಲೆಕ್ಕ ಹಾಕಿ. ಹೊಸಬರಿಗೆ ಈ ಉದ್ಯಮದಲ್ಲಿ ಮೊದಲ ಸಂಬಳ ದೊಡ್ಡದಿರುವುದಿಲ್ಲ, ಐಟಿ ಕಂಪನಿಯ ಲೆಕ್ಕ ಇಲ್ಲಿ ಹಿಡಿಯಬೇಡಿ. ಯುಐ-ಯುಎಕ್ಸ್ ಕಡೆ ಹೋಗುವವರು ಸಾಲವನ್ನು ಬೇಗ ತೀರಿಸಿಯಾರು. ಅನಿಮೇಷನ್, ವಿಎಫ್‌ಎಕ್ಸ್‌ಗೆ ಹೋಗುವವರಿಗೆ ಅದು ಭಾರ. ಮನೆಯಲ್ಲಿ ಅನುಕೂಲ ಇದ್ದು, ನಿಮಗೆ ಇನ್ನೂ ಯಾವ ಕವಲು ಎಂದು ನಿರ್ಧಾರವಾಗಿಲ್ಲದಿದ್ದರೆ, ಇಂಥ ಕಾಲೇಜು ಹುಡುಕಾಡಲು ಜಾಗ ಕೊಡುತ್ತದೆ. ಹತ್ತು ಲಕ್ಷ ಸಾಲ ಮಾಡಿ ಹುಡುಕಾಡುವುದನ್ನು ನಾನು ಯಾರಿಗೂ ಹೇಳಲಾರೆ.

ಸಾಮಾನ್ಯ ಡಿಗ್ರಿ ಕಾಲೇಜುಗಳಲ್ಲಿ ನಡೆಯುವ ಅನಿಮೇಷನ್ ಎಂ.ಎಸ್ಸಿ, ಎಂ.ಎಗಳೂ ಇವೆ. ಸೀಲು ವಿಶ್ವವಿದ್ಯಾಲಯದ್ದು, ಫೀಸು ನಡುವಿನದು. ಆದರೆ ಇವು ಒಬ್ಬಿಬ್ಬರು ಮೇಷ್ಟ್ರ ಮೇಲೆ ನಿಂತಿರುತ್ತವೆ. ಅವರು ಬಿಟ್ಟುಹೋದರೆ ವಿಭಾಗವೇ ಸೊರಗುತ್ತದೆ. ಕೊಡ ಹೊತ್ತ ಅಜ್ಜಿಯ ಹುಡುಗಿ ಓದಿದ್ದು ಇಂಥ ಕಡೆಯೇ. ಹಾಗಾಗಿ ಕಾಲೇಜಿನ ಹೆಸರಿಗಿಂತ, ಈ ವರ್ಷ ಅಲ್ಲಿ ಯಾರು ಕಲಿಸುತ್ತಿದ್ದಾರೆ ಎಂಬುದನ್ನು ಕೇಳಿ.

ತರಬೇತಿ ಸೆಂಟರ್‌ಗಳು

ಮೊದಲ ಮಹಡಿಯಲ್ಲಿ ದೊಡ್ಡ ಬೋರ್ಡು, ಕೆಳಗೆ ಬೇಕರಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಎಲ್ಲ ಕಡೆ ಇವೆ. ಇವನ್ನು ಸುಮ್ನೆ ತಳ್ಳಿಹಾಕುವುದು ತಪ್ಪು. ಬೇಗ ಕೆಲಸ ಬೇಕು, ಡಿಗ್ರಿ ಆಗಲೇ ಇದೆ, ಸಂಜೆ ಮಾತ್ರ ಬಿಡುವು ಎನ್ನುವವರಿಗೆ ಬೇರೆ ದಾರಿ ಕಡಿಮೆ. ಒಂದೇ ಹೆಸರಿನ ಎರಡು ಸೆಂಟರ್‌ಗಳ ನಡುವೆ ಅಜಗಜಾಂತರ ಇರಬಹುದು, ಯಾಕೆಂದರೆ ನಡೆಸುವವರು ಬೇರೆ ಬೇರೆ. ಸಿಗುವುದು ಡಿಪ್ಲೊಮಾ ಅಥವಾ ಸರ್ಟಿಫಿಕೇಟ್, ಮಾಸ್ಟರ್ಸ್ ಅಲ್ಲ ಎಂಬುದು ತಲೆಯಲ್ಲಿರಲಿ.

ಕೇಳಬೇಕಾದ ಪ್ರಶ್ನೆ ಒಂದಿದೆ: "ಹೋದ ವರ್ಷದವರು ಯಾವ ಕೆಲಸಕ್ಕೆ ಸೇರಿದರು?" ಉತ್ತರ ಬರೀ ರೋಟೊ, ಪೇಂಟ್ ಎಂದಾದರೆ ಯೋಚಿಸಿ. ನಟನ ಸುತ್ತ ಫ್ರೇಮ್ ಫ್ರೇಮ್‌ಗೂ ಗೆರೆ ಎಳೆಯುವುದು ರೋಟೊ, ವೈರು-ಕಂಬ ಅಳಿಸುವುದು ಪೇಂಟ್. ಸಾವಿರಾರು ಜನ ಈ ಬಾಗಿಲಿಂದಲೇ ಉದ್ಯಮಕ್ಕೆ ಬಂದರು, ಆ ಕೆಲಸಕ್ಕೆ ನನಗೆ ಗೌರವವಿದೆ. ಆದರೆ ಎಐ ಮೊದಲು ಕೈಹಾಕುತ್ತಿರುವುದು ಅಲ್ಲೇ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ವಿಎಫ್‌ಎಕ್ಸ್ ಕಂಪನಿ ಕುಸಿದಾಗ ಬೆಂಗಳೂರಿನ ಅದರ ಕಚೇರಿಯೂ ಮುಚ್ಚಿತು. ಅನುಭವಿಗಳೇ ದಿನ ಬೆಳಗಾಗುವುದರಲ್ಲಿ ಕೆಲಸ ಹುಡುಕುವಂತಾಯಿತು. ನಮ್ಮ ಸರ್ಕಾರ ಅನಿಮೇಷನ್, ವಿಎಫ್‌ಎಕ್ಸ್, ಗೇಮ್ ಉದ್ಯಮಕ್ಕಾಗಿ 2024ರಿಂದ 29ರವರೆಗಿನ ಎವಿಜಿಸಿ-ಎಕ್ಸ್‌ಆರ್ ನೀತಿ ತಂದಿದೆ, ಉದ್ಯಮ ಬೆಳೆಯುತ್ತದೆ ಅಂತ ನಾನೂ ನಂಬಿದ್ದೇನೆ. ಆದರೂ ಒಂದೇ ಗುಂಡಿ ಒತ್ತಲು ಕಲಿತು ಹೊರಬರುವವರ ಬಗ್ಗೆ ನನಗೆ ಭಯವಿದೆ.

ಹೋಗಿ ನೋಡುವ ದಿನ

ಕೌನ್ಸೆಲರ್ ಎದುರು ಕೂರುವ ಮೊದಲು ಲ್ಯಾಬಿಗೆ ಹೋಗಿ. ಸಂಜೆ ಐದರ ಮೇಲೆ ಹೋದರೆ ಇನ್ನೂ ಒಳ್ಳೆಯದು. ಹುಡುಗರು ಕೂತು ಕೆಲಸ ಮಾಡುತ್ತಿದ್ದಾರಾ, ಬೀಗ ಬಿದ್ದಿದೆಯಾ? ಕೊನೆಯ ವರ್ಷದ ಒಬ್ಬರನ್ನು ಹಿಡಿದು ಒಂದು ಟೀ ಕುಡಿಸಿ, ಅವರ ಕೆಲಸ ತೋರಿಸಲು ಹೇಳಿ. ಮುಗಿದದ್ದು ಬೇಡ, ತಿದ್ದುಪಡಿ ಆಗುವ ಮೊದಲಿನದು ಮತ್ತು ಆಮೇಲಿನದು ಎರಡೂ. "ಇದನ್ನ ಬದಲಾಯಿಸು ಅಂತ ಯಾರು ಹೇಳಿದ್ರು?" ಅಂತ ಕೇಳಿ. ಮೇಷ್ಟ್ರ ಹೆಸರು ಥಟ್ಟನೆ ಬಂದರೆ ಒಳ್ಳೆಯ ಲಕ್ಷಣ. "ಯೂಟ್ಯೂಬ್ ನೋಡಿ ಮಾಡ್ದೆ" ಎಂದರೆ ನಿಮ್ಮ ಫೀಸು ಯಾವುದಕ್ಕೆ ಹೋಗುತ್ತದೆ ಅಂತ ಯೋಚಿಸಿ. ಆಮೇಲೆ ಮೇಷ್ಟ್ರು ತಾವು ಮಾಡಿದ ಕೆಲಸ ಎಲ್ಲಿ ನೋಡಬಹುದು ಅಂತ ಕೇಳಿ. ಅದರಲ್ಲಿ ಸಂಕೋಚ ಬೇಡ.

ಆ ಮೂವರಿಗೆ ಹೇಳಿದ್ದು

ದಾವಣಗೆರೆಯ ಹುಡುಗನಿಗೆ ಕೈ ಪಳಗಿದೆ, ದುಡ್ಡಿಲ್ಲ. ನಾಲ್ಕು ವರ್ಷದ ಬಿವಿಎ ಇರುವುದರಿಂದ ಐಡಿಸಿಯ ಬಾಗಿಲು ಅವನಿಗೆ ತೆರೆದಿದೆ. ಸೀಡ್ ಬರೆಯಲೇಬೇಕು ಅಂದೆ. ಸಿಗದಿದ್ದರೆ ಅನ್ವಯಿಕ ಕಲೆಯಲ್ಲಿ ಎಂವಿಎ, ಜೊತೆಗೆ ರಾತ್ರಿ ಬ್ಲೆಂಡರ್. ಖಾಸಗಿ ಕಾಲೇಜಿಗೆ ಅವನು ಸಾಲ ಮಾಡುವ ಅಗತ್ಯವೇ ಇಲ್ಲ.

ಟೆಸ್ಟಿಂಗ್ ಕೆಲಸದಲ್ಲಿರುವವರಿಗೆ ಕೆಲಸ ಬಿಡಬೇಡಿ ಅಂದೆ. ಅವರ ಆಸೆ ಯುಐ-ಯುಎಕ್ಸ್. ಆ್ಯಪ್ ಎಲ್ಲಿ ಎಡವುತ್ತದೆ ಎಂಬುದು ಅವರಿಗೆ ಐದು ವರ್ಷದಿಂದ ಗೊತ್ತು, ಅದೇ ಬಂಡವಾಳ. ಆರು ತಿಂಗಳು ಸಂಜೆಯ ಕೋರ್ಸ್ ಮಾಡಿ, ಎರಡು ಪ್ರಾಜೆಕ್ಟ್ ಕಟ್ಟಿ, ಆಮೇಲೂ ಆಸೆ ಉಳಿದರೆ ತುಮಕೂರು ರಸ್ತೆಯ ಎನ್‌ಐಡಿಗೆ ಪ್ರಯತ್ನಿಸಬಹುದು. ಮನೆ, ಮಗು ಬಿಟ್ಟು ಊರು ಬದಲಾಯಿಸುವ ಪ್ರಶ್ನೆ ಆಗ ಬರುವುದಿಲ್ಲ.

ಹಾಸನದ ಹುಡುಗಿಯದು ಕಷ್ಟದ ಪ್ರಶ್ನೆ. ಮೂರು ವರ್ಷದ ಬಿ.ಕಾಂ, ಚಿತ್ರ ಬರೆಯುವ ಆಸೆ, ಆದರೆ ಇದುವರೆಗೆ ಯಾರೂ ತಿದ್ದಿಲ್ಲ. ಈ ಜೂನ್‌ಗೇ ಎಲ್ಲಾದರೂ ಸೇರಿಸಿಬಿಡಬೇಕು ಎಂಬುದು ಅವಳ ಅಪ್ಪನ ಆತುರ. ಫೋನಿನಲ್ಲಿ ಅವರ ಜೊತೆಗೂ ಮಾತಾಡಿದೆ. "ಒಂದು ವರ್ಷ ಕೊಡಿ ಸರ್, ದಿನಾ ಬರೆಯಲಿ. ಸೀಡ್, ಡ್ಯಾಟ್ ಎರಡನ್ನೂ ಬರೆಯಲಿ, ಅರ್ಹತೆ ಇರುವ ಕಡೆಗೆಲ್ಲ ಅರ್ಜಿ ಹಾಕಲಿ. ಆಗದಿದ್ದರೆ ಒಳ್ಳೆಯ ಮೇಷ್ಟ್ರಿರುವ ಎಂ.ಎಸ್ಸಿ ಹುಡುಕೋಣ, ಆಗ ಅವಳ ಕೈ ಈಗಿನದಾಗಿರುವುದಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು.

ಮೊನ್ನೆ ಅವಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆದ ಚಿತ್ರ ಕಳಿಸಿದ್ದಳು. ಕಂಡಕ್ಟರ್ ಒಬ್ಬರು ನಿಂತುಕೊಂಡೇ ಟೀ ಕುಡಿಯುತ್ತಿದ್ದಾರೆ, ಟಿಕೆಟ್ ಯಂತ್ರ ಕಂಕುಳಲ್ಲಿ. ನಿಂತ ಭಂಗಿ ಚೆನ್ನಾಗಿ ಸಿಕ್ಕಿದೆ. ಲೋಟ ಹಿಡಿದ ಕೈಯಲ್ಲಿ ಹೆಬ್ಬೆರಳು ಮಾತ್ರ ತಪ್ಪು ಕಡೆಯಿಂದ ಹೊರಟಿದೆ, ಬಿಸಿ ಲೋಟವನ್ನು ಯಾರೂ ಹಾಗೆ ಹಿಡಿಯುವುದಿಲ್ಲ. ಅಲ್ಲೊಂದು ಕೆಂಪು ಗುರುತು ಹಾಕಿ ವಾಪಸ್ ಕಳಿಸಿದ್ದೇನೆ.